ಶಿಲೆಯ ಪಾದ, ಅಂಚೆಯ ಚೀಟಿ

ಕೊಪ್ಪಳದ ಬೆಟ್ಟದ ಬಂಡೆಯ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳಿವೆ. ಚಾವಯ್ಯನೆಂಬವನು ಅವನ್ನು ಮಾಡಿಸಿದನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ‘ವರಾಂಗಚರಿತ’ವನ್ನು ರಚಿಸಿದ ಗುರುವನ್ನು ಕೊಪಣ ತೀರ್ಥವು ನೆನೆದ ಬಗೆ ಅದು. ಇಂದಿನ ಸರಕಾರಗಳು ಗುರುಸ್ಮರಣೆಗೆ ಅಂಚೆಚೀಟಿಯನ್ನು ಆರಿಸಿಕೊಂಡಿವೆ. ಚೀನಾ ದೇಶವು ಶಿಕ್ಷಣ ಸುಧಾರಕ ತಾವೊ ಷಿಂಗ್‌ಝಿ ಅವರ ಜನ್ಮಶತಾಬ್ದಿಗೆ 1991ರಲ್ಲಿ ಚೀಟಿಗಳನ್ನು ಹೊರಡಿಸಿತು. ಅದಕ್ಕೂ ಮೊದಲೇ, 1988ರಲ್ಲಿ, ಭಾರತದ ಅಂಚೆ ಇಲಾಖೆಯು ಕರ್ಮವೀರ ಭಾವೂರಾವ್ ಪಾಟೀಲರನ್ನು ಹೀಗೆಯೇ ಗೌರವಿಸಿತ್ತು.

ತಾವೊ ಅವರು ಅಮೆರಿಕೆಯಲ್ಲಿ ಕಲಿತು ಬಂದವರು. 1927ರಲ್ಲಿ ನಾನ್‌ಜಿಂಗ್ ಸಮೀಪದ ಹಳ್ಳಿಯೊಂದರಲ್ಲಿ ಶಿಕ್ಷಕರ ತರಬೇತಿ ಶಾಲೆಯನ್ನು ತೆರೆದು, ಓದಿನ ಜೊತೆಗೆ ಬೇಸಾಯವನ್ನೂ ಇರಿಸಿದರು. 1930ರಲ್ಲಿ ಸರಕಾರ ಅದನ್ನು ಮುಚ್ಚಿಸಿತು. ಅವರ ಹೆಸರಿನಲ್ಲಿ ಮೊದಲು ‘ಅರಿವು’ ಮುಂದೆಯೂ ‘ಆಚರಣೆ’ ಹಿಂದೆಯೂ ಇದ್ದವು. ಅವರು ಅದನ್ನು ತಿರುಗಿಸಿ ಆಚರಣೆಯನ್ನು ಮುಂದಿಟ್ಟುಕೊಂಡರು. ಜ್ಞಾನದೊಡನೆ ಚಾರಿತ್ರವನ್ನು ಹೇಳದೆ ಮುಗಿಸದ ಜೈನ ಓದುಗನಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಟೀಲರದು ಹತ್ತಿರದ ಕಥೆ. ಬಾಹುಬಲಿ ಕ್ಷೇತ್ರದಿಂದ ಪ್ರಸಿದ್ಧವಾದ ಕುಂಭೋಜದಲ್ಲಿ, 1887ರಲ್ಲಿ, ಜೈನ ಮನೆತನದಲ್ಲಿ ಅವರು ಜನಿಸಿದರು. ಪೂರ್ವಜರು ಮೂಡಬಿದರೆಯ ಕಡೆಯವರೆಂದು ಚರಿತ್ರಕಾರರು ಬರೆದಿದ್ದಾರೆ. ಕೊಲ್ಲಾಪುರದ ಜೈನ ವಸತಿಗೃಹದಲ್ಲಿದ್ದಾಗ, 1908ರಲ್ಲಿ, ಅಸ್ಪೃಶ್ಯ ಬಾಲಕರಿಗಾಗಿ ತೆರೆದ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದರು. ಮೈಲಿಗೆ ಕಳೆಯಲು ಸ್ನಾನಮಾಡಿದ ಮೇಲೆಯೇ ಊಟದ ಮನೆಗೆ ಬರಬೇಕೆಂದಾಗ ಒಪ್ಪಲಿಲ್ಲ. ಹುಡುಗನನ್ನು ಹೊರಗೆ ಹಾಕಲಾಯಿತು. ಶಾಹೂ ಮಹಾರಾಜರು ಅರಮನೆಯಲ್ಲಿ ಆಶ್ರಯವಿತ್ತರು. ಪಾಟೀಲರ ಗುಣಗಾನದ ಸಭೆಗಳಲ್ಲಿ ಈ ಪ್ರಸಂಗವನ್ನು ಮೆಲ್ಲನೆ ದಾಟಿಬಿಡುವುದುಂಟು. ದಾಟಿದರೆ ಮುಂದಿನದು ಅರ್ಥವಾಗದು.

ಆಗ ಮೇಲ್ವಿಚಾರಕರಾಗಿದ್ದವರು ಅಣ್ಣಾಸಾಹೇಬ ಲಠ್ಠೆ. ಅವರೇನೂ ಸಂಕುಚಿತರಲ್ಲ, ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯನ್ನು ಕಟ್ಟಿದವರಲ್ಲಿ ಒಬ್ಬರು, ಮುಂದೆ ಶಾಹೂ ಮಹಾರಾಜರ ಚರಿತ್ರೆಯನ್ನೇ ಬರೆದವರು. 1914ರಲ್ಲಿ ಕೊಲ್ಲಾಪುರದ ರಾಜಪ್ರತಿಮೆಗೆ ಯಾರೋ ಡಾಂಬರು ಬಳಿದರು. ಸಂಶಯ ಲಠ್ಠೆಯವರ ಮೇಲೆ ಬಿದ್ದಿತು. ಅವರ ವಿರುದ್ಧ ಸುಳ್ಳುಸಾಕ್ಷಿ ನುಡಿಯುವಂತೆ ಪಾಟೀಲರ ಮೇಲೆ ಒತ್ತಡ ಬಂದಿತು. ಹಳೆಯ ಅವಮಾನಕ್ಕೆ ಲೆಕ್ಕ ತೀರಿಸಲು ಅದಕ್ಕಿಂತ ಸುಲಭವಾದ ಅವಕಾಶವಿರಲಿಲ್ಲ. ಪಾಟೀಲರು ನುಡಿಯಲಿಲ್ಲ. ಅದರ ಬೆಲೆಯನ್ನು ಸೆರೆಮನೆಯಲ್ಲಿ ತೆತ್ತರು. ಸತ್ಯಾಣುವ್ರತವನ್ನು ವ್ಯಾಖ್ಯಾನಿಸುವ ಪಂಡಿತರು ಪುರಾಣದ ದೃಷ್ಟಾಂತಗಳಿಗೆ ಹೋಗುವ ಮೊದಲು ಇದನ್ನೊಮ್ಮೆ ನೋಡಬಹುದು.

1919ರಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಾತಾರೆಯ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಒಲೆಯ ಅಡಿಗೆಯನ್ನು ಒಂದೇ ಪಂಕ್ತಿಯಲ್ಲಿ ಉಂಡರು, ದುಡಿಯುತ್ತ ಕಲಿತರು. ತಾವೊ ಅವರು ಶಾಲೆ ತೆರೆದ 1927ರಲ್ಲಿಯೇ ಗಾಂಧೀಜಿಯವರು ಸಾತಾರೆಗೆ ಬಂದು ಆ ವಸತಿಗೃಹಕ್ಕೆ ಶಾಹೂ ಮಹಾರಾಜರ ಹೆಸರನ್ನಿಟ್ಟರು.

ಬಸದಿಗೆ ಕಲಶವಿತ್ತವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಪಾಟೀಲರ ಮಡದಿ ಲಕ್ಷ್ಮೀಬಾಯಿಯವರು ಆ ಮಕ್ಕಳ ಅನ್ನಕ್ಕಾಗಿ ಒಂದೊಂದಾಗಿ ಒಡವೆಗಳನ್ನು ಮಾರಿದರು. ಒಂದು ದಿನ ಮನೆಯಲ್ಲಿ ಕಾಳು ತೀರಿತ್ತು, ಪಾಟೀಲರು ಊರಲ್ಲಿರಲಿಲ್ಲ. ಅಂದು ಕೊರಳ ಮಂಗಳಸೂತ್ರವೂ ಹೋಯಿತು. ಅವರು 1930ರಲ್ಲಿ ತೀರಿಕೊಂಡರು. ಅಂಚೆಚೀಟಿಯಲ್ಲಿ ಅವರ ಮುಖವಿಲ್ಲ.