ಮಣ್ಣಿಲ್ಲದ ಹಿತ್ತಿಲು: ವಯನಾಡಿನಲ್ಲಿ ಒಂದು ದಿನ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾದು ಮೂಲೆಹೊಳೆ ದಾಟಿದರೆ ಕೇರಳದ ವಯನಾಡು. ಸುಲ್ತಾನ್ ಬತ್ತೇರಿಗೆ ಹೋದ ನಮ್ಮವರು ಮೊದಲು ನೋಡುವುದು ಅಲ್ಲಿಯ ಕಲ್ಲಿನ ಬಸದಿಯನ್ನು. ಟಿಪ್ಪುವಿನ ಕಾಲದಲ್ಲಿ ಇದು ಮದ್ದುಗುಂಡಿನ ಉಗ್ರಾಣವಾಗಿತ್ತು. 'ಬ್ಯಾಟರಿ' ಎಂಬ ಮಾತೇ ಊರಿನ ಹೆಸರಾಗಿ ಉಳಿಯಿತು. ಈಗ ಬಸದಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕಲ್ಪೆಟ್ಟದ ಹತ್ತಿರ ಪುಳಿಯಾರ್‌ಮಲೆಯಲ್ಲಿ ಅನಂತನಾಥ ಸ್ವಾಮಿಯ ಬಸದಿಯಿದೆ. ಈ ಜಿಲ್ಲೆಯ ನಮ್ಮ ಸಮಾಜದವರು ತಲೆಮಾರುಗಳಿಂದ ಕಾಫಿ, ಮೆಣಸು ಬೆಳೆಯುತ್ತ ಬಂದವರು. ಮನೆಯೊಳಗೆ ಕನ್ನಡ, ಹೊರಗೆ ಮಲಯಾಳಂ. ದರ್ಶನ ಮುಗಿಸಿ ಹೊರಟ ನಮ್ಮನ್ನು ಅಲ್ಲಿಯ ಶ್ರಾವಿಕೆಯೊಬ್ಬರು, "ಮನೆಗೆ ಬನ್ನಿ, ನಮ್ಮ ಕೂಟದ ಹಿತ್ತಿಲು ನೋಡಿ ಹೋಗಿ" ಎಂದು ಕರೆದರು.

ಹಿತ್ತಿಲೆಂದರೆ ತಗಡಿನ ಮಾಡಿನ ಪಕ್ಕದಲ್ಲಿ, ಪ್ಲಾಸ್ಟಿಕ್ ಹಾಳೆಯ ಚಪ್ಪರದ ಕೆಳಗೆ, ಎರಡು ಸಾಲು ಥರ್ಮೋಕೋಲ್ ಪೆಟ್ಟಿಗೆಗಳು. ಮೀನಿನಂಗಡಿಯ ಪೆಟ್ಟಿಗೆ ಅಗ್ಗಕ್ಕೆ ಸಿಗುತ್ತಿತ್ತಂತೆ. ಆ ಶ್ರಾವಿಕೆ ಒಪ್ಪಲಿಲ್ಲ. ಔಷಧಿ ಅಂಗಡಿಯಿಂದ ತರಿಸಿದರು. ಪೆಟ್ಟಿಗೆಯೊಳಗೆ ಕಪ್ಪು ಹಾಳೆ ಹಾಸಿ, ಪೋಷಕಾಂಶ ಬೆರೆಸಿದ ನೀರು ತುಂಬಿ, ಮುಚ್ಚಳಕ್ಕೆ ತೂತು ಕೊರೆದು, ತೊಳೆದ ತೆಂಗಿನ ನಾರಿನ ಪುಡಿ ತುಂಬಿದ ಪುಟ್ಟ ಕುಡಿಕೆಗಳಲ್ಲಿ ಸಸಿ ಕೂರಿಸುತ್ತಾರೆ. ಪಾಲಕ್, ಹರಿವೆ, ಪುದೀನ. ಪಂಪು ಇಲ್ಲ, ಕರೆಂಟು ಬೇಡ. ಗಿಡ ಕುಡಿದಂತೆ ನೀರು ಇಳಿಯುತ್ತದೆ, ಮೇಲಿನ ಬೇರಿಗೆ ಗಾಳಿ ಸಿಗುತ್ತದೆ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಪ್ರಚಾರಕ್ಕೆ ತಂದ ಕ್ರಮವಿದು. ನೀರು ಇಳಿಯಿತೆಂದು ಮತ್ತೆ ಬಾಯಿಮಟ್ಟ ತುಂಬಿದರೆ ಗಾಳಿಗೆ ಒಗ್ಗಿದ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಕ್ಯಾಲ್ಸಿಯಂ ನೈಟ್ರೇಟಿನ ಗಟ್ಟಿ ದ್ರಾವಣವನ್ನು ಉಳಿದ ಲವಣಗಳ ಗಟ್ಟಿ ದ್ರಾವಣದೊಡನೆ ನೇರವಾಗಿ ಬೆರೆಸಬಾರದು, ಗಸಿ ಕಟ್ಟುತ್ತದೆ; ಬೇರೆ ಬೇರೆ ಡಬ್ಬಿಯಲ್ಲಿಟ್ಟು ನೀರಿಗೆ ಒಂದರ ನಂತರ ಒಂದನ್ನು ಹಾಕಬೇಕು. ನೀರಿನ ಹುಳಿ ನೋಡುವ ಕಾಗದ 5.5 ರಿಂದ 6.5 ರ ನಡುವೆ ತೋರಿಸಬೇಕು. ಶಾಲೆ ಬಿಟ್ಟು ನಲವತ್ತು ವರ್ಷವಾದ ಅಜ್ಜಿಯೊಬ್ಬರು ಇದನ್ನೆಲ್ಲ ಬಾಯಿಪಾಠ ಒಪ್ಪಿಸಿದಂತೆ ನಮಗೆ ಹೇಳಿದರು.

ಮಲೆನಾಡಿನಂಥ ಊರಿನಲ್ಲಿ ನೀರಲ್ಲಿ ಸೊಪ್ಪು ಬೆಳೆಯುವುದೇಕೆ ಎಂದು ನಮಗೂ ಅನ್ನಿಸಿತ್ತು. ಆದರೆ ಇಲ್ಲಿಯ ಮಳೆಗೆ ನೆಲದ ಸೊಪ್ಪು ನಿಲ್ಲುವುದಿಲ್ಲ, ಕೊಳೆತು ಹೋಗುತ್ತದೆ. ತರಕಾರಿ ಬಹುಮಟ್ಟಿಗೆ ಗುಂಡ್ಲುಪೇಟೆ ಕಡೆಯಿಂದಲೇ ಬರಬೇಕು. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದು ವ್ಯಾಪಾರಸ್ಥರಾದ ವಾಚಕರಿಗೆ ತಿಳಿದದ್ದೇ. ಇನ್ನು ಕೂಟದ ಹೆಂಗಸರಲ್ಲಿ ಹಲವರಿಗೆ ಮನೆ ನಿಂತಿರುವಷ್ಟೇ ಜಾಗ, ಅಗೆಯಲು ಹಿತ್ತಿಲೆಲ್ಲಿ?

ಕೂಟ ಹೊಸದಲ್ಲ. 1998ರಲ್ಲಿ ಕೇರಳದಲ್ಲಿ ಆರಂಭವಾದ ಕುಟುಂಬಶ್ರೀಯ ಅಯಲ್‌ಕೂಟಂ, ಅಂದರೆ ನೆರೆಹೊರೆಯ ಹೆಂಗಸರ ಸಂಘ. ಎಲ್ಲ ಜಾತಿ ಮತದವರೂ ಇದ್ದಾರೆ. ವಾರಕ್ಕೊಮ್ಮೆ ಸೇರಿ ಉಳಿತಾಯ ಕಟ್ಟುತ್ತಾರೆ, ಅದರಿಂದಲೇ ಸಾಲ ಕೊಟ್ಟುಕೊಳ್ಳುತ್ತಾರೆ. ಪೆಟ್ಟಿಗೆಗಳಿಗೆ ಬಿದ್ದ ಖರ್ಚು ಆ ಉಳಿತಾಯದ್ದೇ.

ಪಕ್ಕದ ಇನ್ನೊಂದು ಸಂಘದವರು ಸಾಲ ಮಾಡಿ ಪೈಪು, ಮೋಟಾರು ಕೂಡಿಸಿದ್ದರಂತೆ. ಮಳೆಗಾಲದಲ್ಲಿ ಕರೆಂಟು ಹೋಯಿತು. ಪೈಪಿನಲ್ಲಿ ನೀರು ನಿಂತದ್ದೇ ಬೇರು ಒಣಗಿ ಒಂದೇ ಹಗಲಿನಲ್ಲಿ ಬೆಳೆ ಬಾಡಿತು. ಕಂತು ಮಾತ್ರ ಬಾಡಲಿಲ್ಲ. ಆ ಪೈಪುಗಳು ಕೊಟ್ಟಿಗೆಯ ಅಟ್ಟದಲ್ಲಿರುವುದನ್ನು ನಮಗೆ ತೋರಿಸಿದರು.

"ಚಾತುರ್ಮಾಸದಲ್ಲಿ ನಮ್ಮ ಮನೆಗಳಲ್ಲಿ ಸೊಪ್ಪು ಬಿಡುತ್ತೇವಲ್ಲ, ಇಷ್ಟೆಲ್ಲ ಯಾರಿಗಮ್ಮಾ?" ಎಂದು ನಮ್ಮ ಜೊತೆಗಿದ್ದ ಅತ್ತೆಯವರು ಕೇಳಿದರು. ಶ್ರಾವಿಕೆ ನಕ್ಕು, "ನಾಲ್ಕು ತಿಂಗಳು ನಾನು ತಿನ್ನುವುದಿಲ್ಲ ಅತ್ತೆ, ಲೆಕ್ಕ ಬರೆಯುತ್ತೇನೆ" ಎಂದರು. ನೀರು ನಿಂತಲ್ಲಿ ಸೊಳ್ಳೆಯಾದೀತೆಂದು ಮುಚ್ಚಳದ ಅಂಚಿಗೆಲ್ಲ ಬಲೆ ಬಟ್ಟೆ ಅಂಟಿಸಿದ್ದೂ ಅವರೇ.

ಸೊಲ್ಲಾಪುರ, ಜತ್ತದ ಕಡೆಯ ಮಹಿಳಾ ಮಂಡಳಗಳು ಇದನ್ನು ಮಾಡುವುದಾದರೆ ಕಾರ್ತಿಕ ಕಳೆದ ಮೇಲೆ ಹಿಡಿಯುವುದು ಲೇಸು. ಬೇಸಿಗೆಯಲ್ಲಿ ಪೆಟ್ಟಿಗೆಯ ನೀರು ಬಿಸಿಯಾದರೆ ಬೇರು ಬದುಕುವುದಿಲ್ಲ. ನೆರಳು ಬಲೆ ಬೇಕೇ ಬೇಕು.

ಬೆಳೆಯುವುದಕ್ಕಿಂತ ಕಷ್ಟವಾದದ್ದು ಮಾರಾಟವಂತೆ. ಪೇಟೆಯ ಅಂಗಡಿಯವರು ಸೊಪ್ಪಿಗೆ ಒಪ್ಪಿದರು, ಆದರೆ ತಿಂಗಳ ಕೊನೆಗೆ ಲೆಕ್ಕ ಎಂದರು. ನಾವೂ ಅಂಗಡಿ ಇಟ್ಟವರೇ, ಉದ್ದರಿ ತರುವುದು ನಮಗೆ ಸಹಜ. ಇವರಿಗೆ ಹಾಗಲ್ಲ. ವಾರದ ಉಳಿತಾಯ ವಾರವೇ ಕಟ್ಟಬೇಕು. ತಡವಾದರೆ ಹೆಂಗಸು ಮತ್ತೆ ಗಂಡನ ಮುಂದೆಯೇ ಕೈಚಾಚಬೇಕು. ಎರಡು ತಿಂಗಳು ಮನೆಮನೆಗೆ ಹೊತ್ತು ಮಾರಿದ ಮೇಲೆ ಒಬ್ಬ ಅಂಗಡಿಯವರು ಶನಿವಾರ ಶನಿವಾರ ಕೊಡಲು ಒಪ್ಪಿದರು.

ನಾವು ಹೋದದ್ದು ಶನಿವಾರ. ಸಂಜೆ ಅಂಗಡಿಯ ಹುಡುಗ ಕಾಗದದ ಪೊಟ್ಟಣದಲ್ಲಿ ಹಣ ತಂದ. ಅಜ್ಜಿ ಒಮ್ಮೆ, ಶ್ರಾವಿಕೆ ಒಮ್ಮೆ ಎಣಿಸಿದರು. ಬೀಜ ಗೊಬ್ಬರಕ್ಕೆ ಒಂದು ಪಾಲು ತೆಗೆದಿಟ್ಟು, ಉಳಿದದ್ದನ್ನು ದುಡಿದ ದಿನದ ಲೆಕ್ಕದಂತೆ ಹಂಚಿ, ಪುಸ್ತಕದಲ್ಲಿ ಒಬ್ಬೊಬ್ಬರ ಸಹಿ ಹಾಕಿಸಿಕೊಂಡರು.