ಕುದುರೆಯ ಪಾಲು

ಅಪ್ಪನಿಗೆ ಕೊಲೆಸ್ಟರಾಲ್ ಬಂದ ವಾರವೇ ನಮ್ಮ ಮನೆಗೆ ಓಟ್ಸ್ ಬಂತು. ಹೀಗಾಗಿ ಅಮ್ಮನ ಮನಸ್ಸಿನಲ್ಲಿ ಅವೆರಡೂ ಬಹಳ ಕಾಲ ಒಂದೇ ಕಾಯಿಲೆಯ ಎರಡು ಹೆಸರುಗಳಾಗಿದ್ದವು. "ಬೆಳಗ್ಗೆ ದೋಸೆ ಬಿಡಿ, ಒಂದು ಬಟ್ಟಲು ಓಟ್ಸ್ ಕುಡೀರಿ" ಎಂದಿದ್ದರು ಡಾಕ್ಟರು. 'ಕುಡೀರಿ' ಎಂಬ ಮಾತಿಗೇ ಅಪ್ಪನ ಮುಖ ಇಳಿದುಹೋಯಿತು. ಮಂಗಳೂರಿನ ಕಡೆಯವರಿಗೆ ಗಂಜಿಯೆಂದರೆ ಊಟ, ಅದರ ಜೊತೆಗೆ ಉಪ್ಪಿನಕಾಯಿ, ಚಟ್ನಿ, ಮರ್ಯಾದೆ ಎಲ್ಲ ಉಂಟು. ನಮ್ಮ ಮೈಸೂರಿನ ಮನೆಯಲ್ಲಿ ಗಂಜಿ ಕುಡಿಯುವವರು ಜ್ವರ ಬಂದವರು ಮಾತ್ರ. ಎದ್ದು ಓಡಾಡುವ, ಪೇಪರ್ ಓದಿ ಸರ್ಕಾರವನ್ನು ಬೈಯುವ ಮನುಷ್ಯನ ಮುಂದೆ ಬೆಳಗ್ಗೆ ಎಂಟಕ್ಕೆ ಗಂಜಿ ಇಟ್ಟರೆ ಅವನನ್ನು ಅರ್ಧ ಹಾಸಿಗೆ ಹಿಡಿಸಿದ ಹಾಗೆ.

ಅಮ್ಮ ಮೊದಲ ದಿನ ಡಬ್ಬದ ಮೇಲೆ ಬರೆದಂತೆಯೇ ಮಾಡಿದಳು. ಒಂದು ಪಾಲು ಓಟ್ಸ್, ಎರಡು ಪಾಲು ನೀರು, ಮೂರು ನಿಮಿಷ. ಸೌಟು ಎತ್ತಿದರೆ ಎಳೆ ಎಳೆಯಾಗಿ ಲೋಳೆ ಜೋತುಬಿತ್ತು. "ಇದರಲ್ಲಿ ಸಿನಿಮಾ ಪೋಸ್ಟರ್ ಅಂಟಿಸಬಹುದು" ಎಂದು ಅಪ್ಪ ತಟ್ಟೆಯನ್ನು ಹಿಂದಕ್ಕೆ ತಳ್ಳಿದರು. ಪಾಪ, ಡಾಕ್ಟರಿಗೆ ಬೇಕಾಗಿದ್ದದ್ದೇ ಆ ಲೋಳೆ. ಬೀಟಾ ಗ್ಲುಕಾನ್ ಎಂಬ ನಾರಿನ ಕೆಲಸ ಅದು. ಹೊಟ್ಟೆಗಿಳಿದ ಮೇಲೆ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಯಕೃತ್ತು ಹೊಸ ಪಿತ್ತ ಮಾಡಿಕೊಳ್ಳಲು ರಕ್ತದಲ್ಲಿರುವ ಕೊಲೆಸ್ಟರಾಲಿಗೆ ಕೈಹಾಕುತ್ತದೆ. ದಿನಕ್ಕೆ ಈ ನಾರು 3 ಗ್ರಾಂ ಸೇರಿದರೆ ಹೃದಯಕ್ಕೆ ಒಳ್ಳೆಯದು ಎಂದು ಬರೆದುಕೊಳ್ಳಲು 1997ರಲ್ಲಿ ಅಮೆರಿಕದ ಸರ್ಕಾರವೇ ಒಪ್ಪಿತು. ಅಲ್ಲಿಂದ ಮುಂದೆ ಡಬ್ಬಗಳ ಮೇಲೆ ಹೃದಯದ ಚಿತ್ರಕ್ಕೆ ಬರವಿಲ್ಲ.

ಓಟ್ಸ್‌ಗೆ ಇಂಥ ಮರ್ಯಾದೆ ಹಿಂದೆ ಇರಲಿಲ್ಲ. 1755ರಲ್ಲಿ ಇಂಗ್ಲಿಷ್ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಈ ಪದಕ್ಕೆ ಅರ್ಥ ಕೊಡುವಾಗ ಒಂದು ಚೇಷ್ಟೆ ಮಾಡಿದ. ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ ಈ ಕಾಳು ಸ್ಕಾಟ್ಲೆಂಡಿನಲ್ಲಿ ಜನರನ್ನು ಸಾಕುತ್ತದೆ ಎಂಬರ್ಥದ ಮಾತು ಅದು. ಚಳಿ, ಮಳೆ, ಗಿಡ್ಡ ಬೇಸಿಗೆಯ ಆ ನೆಲದಲ್ಲಿ ಗೋಧಿ ಸರಿಯಾಗಿ ಬಾರದು, ಓಟ್ಸ್ ಬರುತ್ತದೆ. ಅವರು ಬಂದದ್ದನ್ನು ಉಂಡರು. ಅದಕ್ಕೇ ಇಂಗ್ಲೆಂಡಿನಲ್ಲಿ ಅಂಥ ಕುದುರೆಗಳು, ಸ್ಕಾಟ್ಲೆಂಡಿನಲ್ಲಿ ಇಂಥ ಗಂಡಸರು ಎಂದು ಅಲ್ಲಿಯವನೊಬ್ಬ ತಿರುಗೇಟು ಕೊಟ್ಟನಂತೆ.

ಅಪ್ಪನಿಗೆ ಈ ಕತೆ ಹೇಳಿದ್ದು ನನ್ನ ತಪ್ಪು. "ನೋಡಿದೆಯಾ, ಕುದುರೆಯದ್ದು!" ಎಂದು ಅವರು ಗೆದ್ದವರಂತೆ ಎದ್ದುಹೋದರು. ಆದರೆ ಈ ಚೇಷ್ಟೆ ಕನ್ನಡದಲ್ಲಿ ಅಷ್ಟಾಗಿ ನಾಟುವುದಿಲ್ಲ. ಇಂಗ್ಲಿಷಿನವರು 'ಕುದುರೆ ಕಾಳು' ಎಂದು ಹೆಸರಿಟ್ಟ ಹುರುಳಿಯನ್ನು ನಾವು ಎಂದಾದರೂ ಕುದುರೆಗೆ ಪೂರ್ತಿ ಬಿಟ್ಟುಕೊಟ್ಟಿದ್ದೇವೆಯೇ? ಎತ್ತಿಗೆಂದು ಬೇಯಿಸಿದ ಹುರುಳಿಯ ಕಟ್ಟು ಬಸಿದುಕೊಂಡು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಸಾರು ಮಾಡಿಕೊಂಡವರ ವಂಶ ನಮ್ಮದು. ಕಾಳು ಎತ್ತಿಗೆ, ಕಟ್ಟು ನಮಗೆ.

ನಮ್ಮ ಮನೆಯ ಓಟ್ಸ್ ದಾರಿಗೆ ಬಂದದ್ದು ಒಂದು ಏಕಾದಶಿಯ ಮಾರನೆಯ ದಿನ, ಅಮ್ಮ ಅವಲಕ್ಕಿ ಡಬ್ಬದ ಪಕ್ಕದಲ್ಲಿ ಅದನ್ನಿಟ್ಟು ಎರಡನ್ನೂ ಅಂಗೈಯಲ್ಲಿ ಹಾಕಿಕೊಂಡು ನೋಡಿದಾಗ. "ಇದು ಗಂಜಿ ಅಲ್ಲವೋ, ಅವಲಕ್ಕಿ ಕಣೋ" ಎಂದಳು. ಅಕ್ಷರಶಃ ನಿಜ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಚಪ್ಪಟೆ ಮಾಡಿದರೆ ಅವಲಕ್ಕಿ. ಓಟ್ಸ್ ಕಾಳಿನ ಹೊಟ್ಟು ತೆಗೆದು, ಹಬೆಯಲ್ಲಿ ಬೇಯಿಸಿ, ಉರುಳೆಗಳ ನಡುವೆ ಒತ್ತಿದರೆ ಇದು. ಹಬೆ ತೋರಿಸದಿದ್ದರೆ ಅದರೊಳಗಿನ ಎಣ್ಣೆಯಂಶ ಕೆಟ್ಟು ಕಮಟು ಹತ್ತುತ್ತದೆ. ಪರದೇಶದ ಅವಲಕ್ಕಿ ಎಂದು ತಿಳಿದ ಮೇಲೆ ಅಮ್ಮನ ಕೈಗೆ ದಾರಿ ಗೊತ್ತಾಯಿತು.

ಅವಲಕ್ಕಿಗೆ ನೀರು ಹೊಯ್ಯುವುದಿಲ್ಲ, ಚಿಮುಕಿಸುತ್ತೇವೆ. ಇಲ್ಲಿಯೂ ಅಷ್ಟೇ. ದಪ್ಪ ಓಟ್ಸನ್ನು ಬರಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು, ಬಿಸ್ಕತ್ತಿನಂಥ ಘಮ ಬರುವವರೆಗೆ. ಆಮೇಲೆ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಕರಿಬೇವು, ಈರುಳ್ಳಿ, ಒಂದು ಹಿಡಿ ಬಟಾಣಿ. ಹುರಿದದ್ದನ್ನು ಅದಕ್ಕೆ ಸುರಿದು, ಉಪ್ಪು ಕದಡಿದ ನೀರನ್ನು ಕೈಯಲ್ಲೇ ಎರಡು ಮೂರು ಸಲ ಚಿಮುಕಿಸಿ ಮುಚ್ಚಿಟ್ಟರೆ ಐದು ನಿಮಿಷದಲ್ಲಿ ಉದುರುದುರಾದ ಉಪ್ಪಿಟ್ಟು. ಕೊನೆಗೆ ಕಾಯಿತುರಿ, ನಿಂಬೆರಸ. ಎರಡು ನಿಮಿಷದ್ದು ಎಂದು ಮಾರುವ ತೆಳು ಓಟ್ಸಿನಲ್ಲಿ ಇದು ಆಗದು, ನೀರು ಕಂಡೊಡನೆ ಮುದ್ದೆಯಾಗುತ್ತದೆ. ಮಸಾಲೆ ಪುಡಿ ಬೆರೆಸಿದ ಪೊಟ್ಟಣಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಒಗ್ಗರಣೆಯನ್ನು ಕಾಗದದಲ್ಲಿ ಕಟ್ಟಿ ಮಾರುವವರ ಜೊತೆ ನನಗೆ ಮಾತಿಲ್ಲ.

ದೋಸೆ ಸುಲಭ. ಓಟ್ಸ್ ಪುಡಿ, ಅಕ್ಕಿಹಿಟ್ಟು, ರವೆ, ಹುಳಿಮಜ್ಜಿಗೆ. ರವೆದೋಸೆಯ ಹಾಗೆ ಎತ್ತರದಿಂದ ಹುಯ್ದರಾಯಿತು. ಇಡ್ಲಿ ಹಾಗಲ್ಲ. ಅಕ್ಕಿ ಉದ್ದಿನ ಹಿಟ್ಟು ಉಬ್ಬಿದಂತೆ ಇದು ರಾತ್ರಿಯಿಡೀ ಇಟ್ಟರೂ ಉಬ್ಬುವುದಿಲ್ಲ, ಮೊಸರು ಸೋಡಾಗಳಿಗೆ ಕೈಮುಗಿಯಬೇಕು. ಯುದ್ಧಕಾಲದಲ್ಲಿ ಅಕ್ಕಿ ಸಿಗದಾಗ ಬೆಂಗಳೂರಿನ ಎಂಟಿಆರ್‌ನವರು ರವೆ ಇಡ್ಲಿ ಹುಟ್ಟಿಸಿದರೆಂಬ ಮಾತಿದೆಯಲ್ಲ, ಓಟ್ಸ್ ಇಡ್ಲಿ ಅದರ ಬಡ ತಮ್ಮ. ತಿನ್ನಬಹುದು. ಹೊಗಳಬೇಕಾಗಿಲ್ಲ.

ನನ್ನ ಮಗಳದ್ದು ಬೇರೆಯೇ ದಾರಿ. ರಾತ್ರಿ ಗಾಜಿನ ಬಾಟಲಿಯಲ್ಲಿ ಓಟ್ಸಿಗೆ ಹಾಲು ಮೊಸರು ಹಾಕಿ ಫ್ರಿಜ್ಜಿನಲ್ಲಿಟ್ಟು, ಬೆಳಗ್ಗೆ ಸೇಬು ಹೆಚ್ಚಿ ಹಾಕಿಕೊಂಡು ನಿಂತಲ್ಲೇ ತಿನ್ನುತ್ತಾಳೆ. 1900ರ ಸುಮಾರಿಗೆ ಜ್ಯೂರಿಕ್‌ನಲ್ಲಿ ಬಿರ್ಖರ್ ಬೆನ್ನರ್ ಎಂಬ ವೈದ್ಯ ತನ್ನ ರೋಗಿಗಳಿಗೆ ನೆನೆಸಿದ ಓಟ್ಸ್ ಮತ್ತು ಸೇಬು ಕೊಡುತ್ತಿದ್ದನೆಂದು ಅವಳೇ ನಮಗೆ ಪಾಠ ಮಾಡಿದಳು. ಅಮ್ಮ ಎಲ್ಲ ಕೇಳಿ, "ತಂಗಳು ಅನ್ನು" ಎಂದಳು.

ಸಿಹಿಯಲ್ಲಿ ಮಾತ್ರ ಮನೆಯವರೆಲ್ಲ ಒಂದು. ಹುರಿದ ಓಟ್ಸನ್ನು ತರಿತರಿಯಾಗಿ ಪುಡಿ ಮಾಡಿ, ಹುರಿದ ಕಡಲೆಕಾಯಿಬೀಜ, ಎಳ್ಳು, ಕೊಬ್ಬರಿ, ಏಲಕ್ಕಿ ಸೇರಿಸಿ, ಬೆಲ್ಲ ಕರಗಿಸಿ ಹುಯ್ದು, ಬಿಸಿ ಆರುವ ಮುಂಚೆ ಉಂಡೆ ಕಟ್ಟುತ್ತಾಳೆ ಅಮ್ಮ. ತಂಬಿಟ್ಟಿನ ಜಾತಿಯೇ. ಉಂಡೆ ಒಡೆಯುತ್ತದೆ ಎಂಬ ನೆಪದಲ್ಲಿ ಎರಡು ಚಮಚ ತುಪ್ಪ ಹೆಚ್ಚು ಬೀಳುತ್ತದೆ. "ದಿನಾ ಓಟ್ಸ್ ತಗೋತಿದ್ದೀರಾ?" ಎಂದು ಡಾಕ್ಟರು ಕೇಳಿದಾಗ ಅಪ್ಪ ಕಣ್ಣು ಮಿಟುಕಿಸದೆ "ತಪ್ಪದೆ" ಎನ್ನುತ್ತಾರೆ.

ಕಳೆದ ತಿಂಗಳು ಹಾಸನದ ಕಡೆಯಿಂದ ಅಪ್ಪನ ಹಳೆಯ ಗೆಳೆಯರು ಬಂದಿದ್ದರು, ಜೀವಮಾನವೆಲ್ಲ ಬೇಸಾಯ ಮಾಡಿದವರು. ಅಮ್ಮ ಓಟ್ಸ್ ಉಪ್ಪಿಟ್ಟು ಕೊಟ್ಟಳು. ಅವರು ಮಾತಿಲ್ಲದೆ ತಟ್ಟೆ ಖಾಲಿ ಮಾಡಿ ಇನ್ನೊಂದು ಸಲ ಹಾಕಿಸಿಕೊಂಡರು. ಅಪ್ಪ ಇದಕ್ಕೇ ಕಾದಿದ್ದವರಂತೆ, "ಏನು ತಿಂದೆ ಗೊತ್ತೇನೋ? ಕುದುರೆಗೆ ಹಾಕೋ ಕಾಳು!" ಎಂದು ನಕ್ಕರು.

ಅವರು ಒಂದಿಷ್ಟೂ ಬೆಚ್ಚಲಿಲ್ಲ. ಬೆರಳು ನೆಕ್ಕಿ, ಅಡುಗೆಮನೆಯ ಕಡೆ ತಿರುಗಿ ಕೇಳಿದರು: "ಹಂಗಾರೆ ಇದರ ಕಟ್ಟು ಏನ್ ಮಾಡಿದ್ರಿ ತಾಯಿ? ಸಾರಿಗೆ ಬಸಿದಿಟ್ಕಂಡ್ರಾ?"