ಬಿಟ್ಟ ಕಾರಣ

ನಮ್ಮ ಮನೆಯ ಶಾಲೆಯಲ್ಲಿ ಹೆಡ್‌ಮಾಸ್ಟರು, ಜವಾನ, ಡ್ರಿಲ್ ಮೇಷ್ಟ್ರು ಎಲ್ಲ ನಾನೇ. ವಿದ್ಯಾರ್ಥಿನಿ ಒಬ್ಬಳು, ಏಳು ವರ್ಷದ ನನ್ನ ಮಗಳು. ಹಿಂದಿನ ಬೆಂಚಿನಲ್ಲಿ, ಅಂದರೆ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು, ಮೊರದಲ್ಲಿ ಅವರೆಕಾಯಿ ಸುಲಿಯುತ್ತ ನಮ್ಮಮ್ಮ. ದೇವರ ಮನೆಯ ಜಾಗಟೆಯೇ ಶಾಲೆಯ ಗಂಟೆ. ಹತ್ತೂಕಾಲಿಗೆ ಅದನ್ನು ಬಾರಿಸಿದರೆ ಎದುರು ಮನೆಯವರು ಮೊದಮೊದಲು ಮಂಗಳಾರತಿ ಅಂದುಕೊಂಡು ನಿಂತಲ್ಲೇ ಕೈ ಮುಗಿಯುತ್ತಿದ್ದರು.

ಈ ಶಾಲೆ ಹುಟ್ಟಿದ್ದು ಅವಮಾನದಿಂದ. ಮಗಳ ಸೀಟಿಗೆಂದು ಊರಿನ ಒಂದು ದೊಡ್ಡ ಶಾಲೆಗೆ ಹೋದರೆ ಅಲ್ಲಿ ಸಂದರ್ಶನ ನಡೆದದ್ದು ನನಗೆ. ಮೂರು ಪ್ರಶ್ನೆ, ಮೂರೂ ಇಂಗ್ಲಿಷಿನಲ್ಲಿ. ಮಗಳು ಪಾಸು, ನಾನು ಫೇಲು. ಮಗುವನ್ನಾಗಲಿ ಹೆತ್ತವರನ್ನಾಗಲಿ ಹೀಗೆ ಜರಡಿ ಹಿಡಿಯಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ ಎಂದು ಗೊತ್ತಾದದ್ದು ಆಮೇಲೆ. ಸಿಟ್ಟು ಬಂದವನಿಗೆ ಸಿದ್ಧಾಂತ ಬೇಗ ಸಿಗುತ್ತದೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಂದಿಗೆ ನಡೆಸಿದ ಪ್ರಯೋಗಗಳು, ಅವರ 'ಬಾಲಪ್ರಪಂಚ'ದ ಸಂಪುಟಗಳು, ಶಾಲೆಯ ಗೋಡೆ ಕಂಡರಾಗದೆ ಮನೆಯಲ್ಲೇ ಕಲಿತ ಟ್ಯಾಗೋರರು, ಎಲ್ಲರನ್ನೂ ನನ್ನ ಪಕ್ಷಕ್ಕೆ ಸೇರಿಸಿಕೊಂಡೆ. ಅದೇ ಟ್ಯಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ತಾವೇ ಒಂದು ಶಾಲೆ ತೆರೆದರೆಂಬುದನ್ನು ಮಾತ್ರ ಯಾರೆದುರೂ ಬಾಯಿ ಬಿಡಲಿಲ್ಲ.

ವಕೀಲ ಗೆಳೆಯನನ್ನು ಕೇಳಿದೆ. "ಕಾಯ್ದೆಯಲ್ಲಿ ಮನೆಪಾಠದ ಮಾತೇ ಇಲ್ಲ ಮಾರಾಯ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸೋದು ಹೆತ್ತವರ ಕರ್ತವ್ಯ ಅಂತ 10ನೇ ಸೆಕ್ಷನ್ ಇದೆ. ಸೇರಿಸದಿದ್ದರೆ ಏನು ಶಿಕ್ಷೆ ಅಂತ ಬರೆದಿಲ್ಲ" ಅಂದ. ಶಿಕ್ಷೆಯಿಲ್ಲದ ಕರ್ತವ್ಯವನ್ನು ನಾವು ಹೇಗೆ ಪಾಲಿಸುತ್ತೇವೆಂದು ಮೈಸೂರಿನ ಯಾವ ಫುಟ್‌ಪಾತ್ ನೋಡಿದರೂ ತಿಳಿಯುತ್ತದೆ. ನಾನು ಪಟ್ಟು ಬಿಡಲಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆಯಲ್ಲೋ ಕನ್ನಡದಲ್ಲೋ ಕಲಿಸಲೇಬೇಕೆಂದು ನಮ್ಮ ಸರ್ಕಾರ 1994ರಲ್ಲಿ ಹೊರಡಿಸಿದ್ದ ಆದೇಶ 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಿದ್ದುಹೋಯಿತಲ್ಲ, ಮಾಧ್ಯಮ ಯಾವುದೆಂದು ಹೆತ್ತವರೇ ಆರಿಸಬಹುದು ಅಂತ? ಮಾಧ್ಯಮ ಆರಿಸಬಹುದಾದರೆ ಮೇಷ್ಟ್ರನ್ನೂ ಆರಿಸಬಹುದಲ್ಲ! ಆ ತೀರ್ಪು ಬಂದ ದಿನ ಕನ್ನಡದ ಗತಿಯೇನೆಂದು ಟೀ ಅಂಗಡಿಯಲ್ಲಿ ಕೂಗಾಡಿದವನೂ ನಾನೇ. ಹಕ್ಕು ನಮ್ಮ ಕೈಗೆ ಬಂದಾಗ ಅದರ ರುಚಿಯೇ ಬೇರೆ.

ಪಾಠಗಳು ನಡೆದವು ಎನ್ನಲು ಅಡ್ಡಿಯಿಲ್ಲ. ಅರ್ಧ, ಕಾಲು, ಮುಕ್ಕಾಲು ಕಲಿಸಲು ಬೋರ್ಡಿನ ಮೇಲೆ ಚಕ್ರ ಬರೆದು ಪಿಜ್ಜಾ ಅಂದೆ. ಪಿಜ್ಜಾ ತರಿಸುತ್ತೀಯಾ ಎಂಬುದೊಂದೇ ಮಗಳ ಸಂದೇಹ. ಮೂರು ದಿನ ಇದೇ ಪಾಡು. ನಾಲ್ಕನೆಯ ದಿನ ಅಮ್ಮ ಮೊರ ಪಕ್ಕಕ್ಕಿಟ್ಟು ಎದ್ದಳು. ಅಟ್ಟದ ಡಬ್ಬದಿಂದ ಹಿತ್ತಾಳೆಯ ಸೇರು, ಅಚ್ಚೇರು, ಪಾವು, ಚಟಾಕು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಅಕ್ಕಿಯ ಡಬ್ಬದ ಮುಂದೆ ಮೊಮ್ಮಗಳನ್ನು ಕೂರಿಸಿಕೊಂಡಳು. ಪಾವಿನಲ್ಲಿ ನಾಲ್ಕು ಸಲ ಸುರಿದರೆ ಸೇರು ತುಂಬಿತು. ಚಟಾಕಿನಲ್ಲಿ ನಾಲ್ಕು ಸಲ ಸುರಿದರೆ ಪಾವು ತುಂಬಿತು. ಅಚ್ಚೇರಿನ ಮೇಲೊಂದು ಪಾವು ಸುರಿದು "ಈಗ ಎಷ್ಟಾಯ್ತೇ?" ಅಂದರೆ ಹುಡುಗಿ ಸೇರಿನೊಳಗೆ ಇಣುಕಿ "ಮುಕ್ಕಾಲು ಅಜ್ಜಿ" ಅಂದಳು. ಆಮೇಲೆ ಅಮ್ಮ ಕಾಲು ಮಗ್ಗಿ, ಅರೆ ಮಗ್ಗಿ ಎಲ್ಲ ರಾಗವಾಗಿ ಹೇಳುತ್ತ ಹೋದಳು. ಅವಳಿಗೆ ಅವು ಬರುತ್ತವೆಂದು ನನಗೆ ಗೊತ್ತೇ ಇರಲಿಲ್ಲ. ನಲವತ್ತು ವರ್ಷ ಅವಳ ಕೈಯ ಅನ್ನ ತಿಂದಿದ್ದೇನೆ, ಒಮ್ಮೆಯೂ ಕೇಳಿರಲಿಲ್ಲ.

ನವೆಂಬರಿನಲ್ಲಿ ಒಬ್ಬ ಟೀಚರು ಗೇಟಿನ ಹತ್ತಿರ ನಿಂತರು. ಹತ್ತಿರದ ಸರ್ಕಾರಿ ಶಾಲೆಯವರು. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಬಂದಿದ್ದರು. ಕಾಲಿಗೆ ಮೊಣಕಾಲವರೆಗೂ ಧೂಳು, ಕೈಯಲ್ಲಿ ಫಾರಂಗಳ ಕಂತೆ.

"ಆರರಿಂದ ಹದಿನಾಲ್ಕು ವರ್ಷದ ಮಕ್ಕಳು ಇದ್ದಾರಾ ಸರ್?"

ಕೂರಿಸಿ, ಕಾಫಿ ಕೊಟ್ಟು, ಕಾರಂತರಿಂದ ಶುರುಮಾಡಿದೆ. ಟ್ಯಾಗೋರರನ್ನು ದಾಟಿ, 1989ರಲ್ಲೇ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆ ಬರೆಸುವ ನನ್ನ ಯೋಜನೆಯವರೆಗೆ ಬಂದೆ. ಅವರು ಲೋಟ ಕೆಳಗಿಟ್ಟರು.

"ಅದೆಲ್ಲ ಸರಿ ಸರ್. ಶಾಲೆಗೆ ಕಳಿಸದಿರೋ ಕಾರಣ ಅಂತ ಒಂದು ಕಾಲಂ ಇದೆ, ಅಲ್ಲಿ ಏನು ಬರೀಲಿ? ವಲಸೆ ಇದೆ. ಮನೆಗೆಲಸ ಇದೆ. ದನ ಕಾಯೋದು ಇದೆ." ಪೆನ್ನು ಕೆಳಕ್ಕಿಳಿಯುತ್ತ ಹೋಗಿ ಒಂದು ಕಡೆ ನಿಂತಿತು. "ಪೋಷಕರ ನಿರಾಸಕ್ತಿ ಅಂತ ಹಾಕ್ಕೊಳ್ಳಲಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಹತ್ತಿರದಿಂದ ಅಮ್ಮ ಅಂದಳು: "ಹಾಕ್ಕೊಳ್ಳಿ ಮೇಡಂ. ನಮ್ಮಪ್ಪನೂ ಹೀಗೇ ಹೇಳಿದ್ದು, ಮನೇಲೇ ಕಲೀತಾಳೆ ಬಿಡಿ ಅಂತ."

ಟೀಚರಿಗೆ ನಗು ಬಂತು. ಅಮ್ಮ ನಗಲಿಲ್ಲ.

ಕೃಷ್ಣರಾಜಪೇಟೆ ಕಡೆಯ ಹಳ್ಳಿ ಅವಳದು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದ ದಿನ ಶಾಲೆಗೆ ಸೇರಿದವಳು. ವಯಸ್ಸಿಗೆ ಆಗ ಅದೇ ಪುರಾವೆ. 1959ರಲ್ಲಿ ನಾಲ್ಕನೇ ಕ್ಲಾಸು ಮುಗಿಯಿತು. ಐದನೆಯದಕ್ಕೆ ಹೋಬಳಿಗೆ ಹೋಗಬೇಕು: ಮೂರು ಮೈಲಿ, ನಡುವೆ ಒಂದು ಹಳ್ಳ. ಅಣ್ಣಂದಿರಿಬ್ಬರೂ ಆ ಹಳ್ಳ ದಾಟಿಯೇ ಹೋಗುತ್ತಿದ್ದರು. ತಾತ ಕೆಟ್ಟವರಲ್ಲ. ಮಗಳೆಂದರೆ ಪ್ರಾಣ. ಮನೆಯಲ್ಲೇ ಕಲಿಯುತ್ತಾಳೆ ಅಂದರು, ಸುಳ್ಳೂ ಆಗಲಿಲ್ಲ: ರಾಗಿ ಬೀಸಲು, ಹಾಲು ಹಿಂಡಲು, ಎರಡು ಬಾಣಂತನ ಮಾಡಲು ಹದಿನೈದಕ್ಕೇ ಕಲಿತಿದ್ದಳು. ಹೆತ್ತವರ ಆಯ್ಕೆ. ಆಗ ಯಾವ ಟೀಚರೂ ಫಾರಂ ಹಿಡಿದು ಗೇಟಿನ ಹತ್ತಿರ ಬರಲಿಲ್ಲ. ಗೇಟೂ ಇರಲಿಲ್ಲ ಅನ್ನಿ.

"ಅದೂ ಇದೂ ಒಂದೇ ಅಲ್ಲಮ್ಮ" ಅಂದೆ ರಾತ್ರಿ. ಈಗಲೂ ಒಂದೇ ಅಲ್ಲ ಅಂತಲೇ ನನ್ನ ವಾದ. ಮನೆಯಲ್ಲಿ ಚೆನ್ನಾಗಿ ಕಲಿಸುವವರು ಇದ್ದಾರೆ, ಅವರನ್ನು ಕಳ್ಳರಂತೆ ಕಾಣಬಾರದು. ಆದರೆ ಟೀಚರು ಬಂದು ವಿಚಾರಿಸಿದ್ದು ತಪ್ಪು ಎನ್ನಲು ಅವತ್ತಿನಿಂದ ನಾಲಿಗೆ ಏಳುತ್ತಿಲ್ಲ. ಅಮ್ಮ ಮಾತ್ರ ಅಂದದ್ದು ಇಷ್ಟೇ: "ಅವಳನ್ನ ಕೇಳಿದೆಯೇನೋ?"

ಕೇಳಿದೆ. ಶಾಲೆಯಲ್ಲಿ ಎಷ್ಟು ಜನ ಇರುತ್ತಾರೆ ಅಂದಳು. ಮೂವತ್ತು ಅಂದೆ. ಇಲ್ಲಿ ಕಣ್ಣಾಮುಚ್ಚಾಲೆಗೆ ಸದಾ ನಾನೇ ಸಿಕ್ಕಿಬೀಳುತ್ತೇನೆ ಅಂದಳು. ಜೂನಿನಲ್ಲಿ ಅದೇ ಟೀಚರಿನ ಶಾಲೆ ಸೇರಿದಳು. ವಯಸ್ಸಿಗೆ ತಕ್ಕ ಕ್ಲಾಸಿಗೆ ನೇರವಾಗಿ ಸೇರಿಸಿಕೊಳ್ಳಬೇಕೆಂದು ಕಾಯ್ದೆಯಲ್ಲೇ ಇದೆ, ಮೂರನೆಯದರಲ್ಲಿ ಕೂತಳು. ಜಾಗಟೆ ದೇವರ ಮನೆಗೆ ವಾಪಸು ಹೋಯಿತು.

ಮೊನ್ನೆ ಅಮ್ಮನ ಆಧಾರಿನಲ್ಲಿ ಹುಟ್ಟಿದ ತಾರೀಖು ತಿದ್ದಿಸಲು ಶಾಲೆಯ ದಾಖಲೆ ಬೇಕೆಂದರು. ಅವಳನ್ನೇ ಕರೆದುಕೊಂಡು ಹಳ್ಳಿಗೆ ಹೋದೆ. ಹೆಡ್‌ಮಾಸ್ಟರು ಬೀರುವಿನ ತಳದಿಂದ ಅಡ್ಮಿಷನ್ ರಿಜಿಸ್ಟರ್ ಎಳೆದು ಧೂಳು ಕೊಡವಿದರು. ಹುಟ್ಟಿದ್ದು ಜೂನ್ 1 ಅಂತಿತ್ತು. ಅಮ್ಮ ಹುಟ್ಟಿದ್ದು ದೀಪಾವಳಿಯ ನೀರು ತುಂಬುವ ದಿನ. ಆ ಪುಟದಲ್ಲಿ ಮುಕ್ಕಾಲು ಪಾಲು ಮಕ್ಕಳು ಜೂನ್ 1ರಂದೇ ಹುಟ್ಟಿದ್ದರು. ಸಾಲಿನ ಕೊನೆಯಲ್ಲಿ 'ಶಾಲೆ ಬಿಟ್ಟ ಕಾರಣ' ಎಂಬ ಕಾಲಂ. ಅಮ್ಮ ಕನ್ನಡಕ ಸರಿಮಾಡಿಕೊಂಡು ತಾನೇ ಓದಿದಳು: "ಪೋಷಕರ ಇಚ್ಛೆ."

ರಿಜಿಸ್ಟರ್ ಮುಚ್ಚಿ ಕೇಳಿದಳು: "ಈಗ ಐದನೇ ಕ್ಲಾಸು ಈ ಊರಲ್ಲೇ ಇದೆಯಾ ಸಾರ್?"

"ಏಳರವರೆಗೂ ಇದೆ ಅಮ್ಮ. ಮಕ್ಕಳಿರೋದು ಒಟ್ಟು ಹನ್ನೊಂದು. ಮಿಕ್ಕವರು ಪೇಟೆಯ ಕಾನ್ವೆಂಟಿನ ವ್ಯಾನ್ ಹತ್ತುತಾರೆ."

"ಐದನೇದರಲ್ಲಿ?"

"ಇಬ್ಬರು. ಇಬ್ಬರೂ ಹೆಣ್ಣುಮಕ್ಕಳು. ಅವರ ತಮ್ಮಂದಿರು ವ್ಯಾನಿಗೆ ಹೋಗ್ತಾರೆ."